ಬೀಗದೊಳಗಿನ ಎರಡು ಸಾಲು

ನನ್ನ ನಾದಿನಿಗೆ ಆಫೀಸಿನವರು ಇಟ್ಟ ಹೆಸರು ಜರಡಿ. ಹೆಸರಿಟ್ಟವರು ಅವಳ ಜೊತೆ ಒಂದೇ ಮನೆಯಲ್ಲಿ ಬಾಳಿದವರಲ್ಲ. ಬಾಳಿದ್ದರೆ ಇದಕ್ಕಿಂತ ಖಾರವಾದದ್ದನ್ನೇ ಹುಡುಕುತ್ತಿದ್ದರು. ಮೊಸರಿನಲ್ಲಿ ಕಲ್ಲು ಹುಡುಕುವವರು ಎಲ್ಲ ಕಡೆ ಇರುತ್ತಾರೆ. ನಮ್ಮ ಪುಟ್ಟಿ ಕಲ್ಲು ಸಿಗುವವರೆಗೂ ಮೊಸರಿನಿಂದ ಕೈ ತೆಗೆಯುವವಳಲ್ಲ. ತಲೆ ಅರ್ಧ ನರೆತಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ನಾನು ಮದುವೆಯಾಗಿ ಈ ಮನೆಗೆ ಬಂದ ದಿನ ಶಾಲೆಯ ಚೀಲ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅತ್ತಿಗೆ, ನಿಮ್ಮ ರವಿಕೆಯ ಎಡತೋಳು ಸ್ವಲ್ಪ ಉದ್ದ ಆಗಿದೆ," ಎಂದಳು. ನನ್ನ ಕೈಯಾರೆ ಹೊಲಿದ ರವಿಕೆ, ಅದೂ ನಾನು ದರ್ಜಿಯ ಮಗಳು. ಸಿಟ್ಟು ನೆತ್ತಿಗೇರಿತು. ಆಮೇಲೆ ಒಳಗೆ ಹೋಗಿ ಟೇಪು ಹಿಡಿದು ಅಳೆದೆ. ಅವಳು ಹೇಳಿದ್ದು ನಿಜವಾಗಿತ್ತು.

ಅವಳ ತೊಂದರೆಯೇ ಅದು. ಅವಳು ಹೇಳಿದ್ದು ಹೆಚ್ಚಾಗಿ ನಿಜವಾಗಿರುತ್ತದೆ. ಮದುವೆಯ ಮಾತು ತಂದವರಲ್ಲೆಲ್ಲ ಅವಳಿಗೆ ಒಂದೊಂದು ಕಲ್ಲು ಸಿಕ್ಕಿತು, ಹಾಗಾಗಿ ನಮ್ಮ ಜೊತೆಯೇ ಉಳಿದಳು. ನನಗೇನೂ ಬೇಸರವಿಲ್ಲ. ಜಗಳವಾಡಲು ಮನೆಯಲ್ಲಿ ಒಬ್ಬರು ಬೇಕಲ್ಲ. ನನ್ನ ಗಂಡ ದಿನವಿಡೀ ಬಸ್ಸು ಓಡಿಸಿ ಬಂದು ಬಾಯಿ ತೆರೆಯುವುದು ಊಟಕ್ಕೆ ಮಾತ್ರ.

ನಮ್ಮದು ಮೂರನೆಯ ಮಹಡಿಯ ಸಣ್ಣ ಮನೆ. ಬೆಳಕು ಚೆನ್ನಾಗಿ ಬೀಳುವುದು ಒಂದೇ ಕಿಟಕಿಯಿಂದ. ಅದರ ಕೆಳಗೆ ಉದ್ದಕ್ಕೆ ಒಂದು ಮೇಜು. ಮೇಜಿನ ಆ ತುದಿಯಲ್ಲಿ ನನ್ನ ಹೊಲಿಗೆ ಯಂತ್ರ, ಈ ತುದಿಯಲ್ಲಿ ಅವಳ ಕಂಪ್ಯೂಟರ್ ಪರದೆಗಳು. ನಾನು ಊರವರ ಪ್ಯಾಂಟು, ಕೋಟುಗಳನ್ನು ಬಿಚ್ಚಿ ಹಿಗ್ಗಿಸಿ ಕುಗ್ಗಿಸಿ ಹೊಲಿದು ಕೊಡುತ್ತೇನೆ. ಅವಳು ಬೇರೆಯವರು ಬರೆದದ್ದನ್ನು ಓದುತ್ತಾಳೆ. ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಅಡಿಯಲ್ಲಿ ಕುಳಿತು, ಯಾವ ಕೆಲಸಕ್ಕೆ ಎಷ್ಟು ಜಾಗ ಎಂದು ಹಂಚುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರಂತೆ. ಅದನ್ನು ಬರೆಯುವವರು ಬೇರೆ. ಬರೆದದ್ದು ಒಳಗೆ ಸೇರುವ ಮುಂಚೆ ಓದಿ ತಪ್ಪು ಹಿಡಿಯುವುದು ಇವಳ ಕೆಲಸ. ಒಪ್ಪಿಗೆಯಾದರೆ ಬರೆದವರ ಹೆಸರಿನ ಕೆಳಗೆ 'ಓದಿ ನೋಡಿದವರು' ಎಂದು ತನ್ನ ಹೆಸರು ಹಾಕುತ್ತಾಳೆ. ಒಮ್ಮೆ ಒಳಗೆ ಸೇರಿದ ಮೇಲೆ ಆ ಹೆಸರುಗಳನ್ನು ಯಾರೂ ಅಳಿಸುವ ಹಾಗಿಲ್ಲ. ಅದು ಆ ಕಸುಬಿನವರ ಕಟ್ಟಳೆ.

ಅದರಲ್ಲೂ ಅವಳ ಪಾಲಿಗೆ ಬಂದಿರುವುದು ಬಹಳ ಸಿಕ್ಕುಸಿಕ್ಕಾದ ಭಾಗ. ನಾನು ಅದೇನು ಅಂತ ಪೀಡಿಸಿದ್ದಕ್ಕೆ ಒಮ್ಮೆ ಬಿಡಿಸಿ ಹೇಳಿದ್ದಳು.

"ಒಂದು ದೊಡ್ಡ ಕಟ್ಟಡ ಅಂದ್ಕೊಳ್ಳಿ ಅತ್ತಿಗೆ. ಮಾಲೀಕ ಕೋಣೆಗಳನ್ನ ಬಾಡಿಗೆಗೆ ಕೊಟ್ಟ. ತಗೊಂಡವನು ಅದರಲ್ಲೇ ಕೆಲವನ್ನ ಇನ್ನೊಬ್ಬನಿಗೆ ಒಳಬಾಡಿಗೆಗೆ ಕೊಟ್ಟ. ಒಳಗಿನವನು ತನ್ನ ಕೋಣೆಗೆ ತನ್ನದೇ ಒಂದು ನಂಬರ್ ಇಟ್ಕೊಂಡಿರ್ತಾನೆ, ನಡುವಿನವನದು ಬೇರೆ ನಂಬರ್, ಮಾಲೀಕನ ಹತ್ರ ನಿಜವಾದ ನಂಬರ್. ಯಂತ್ರದೊಳಗೆ ಇನ್ನೊಂದು ಯಂತ್ರ ಕೂತಾಗ ಮೆಮೊರಿ ಹೀಗೇ ಇರುತ್ತೆ. ಯಾವ ನಂಬರ್ ಅಂದ್ರೆ ನಿಜವಾಗಿ ಯಾವ ಕೋಣೆ ಅನ್ನೋದಕ್ಕೆ ಪಟ್ಟಿ ಬೇಕಲ್ಲ, ಅದೇ ಪೇಜ್ ಟೇಬಲ್. ನಾನು ನೋಡೋದು ಪಟ್ಟಿಯೊಳಗಿನ ಪಟ್ಟೀನ."

"ಒಳಗಿನವನ ಕೈಯಿಂದ ಕೋಣೆ ಬಿಡಿಸಿದ್ರೆ?"

"ಪಟ್ಟಿಯಿಂದ ಹೊಡೆದುಹಾಕ್ಬೇಕು, ಅವನ ಕೈಯಲ್ಲಿರೋ ಕೀಲಿ ವಾಪಸ್ ತಗೋಬೇಕು, ಆಮೇಲೆ ಇನ್ನೊಬ್ಬರಿಗೆ ಕೊಡ್ಬೇಕು. ಅಷ್ಟು ಹೊತ್ತೂ ಬೇರೆ ಯಾರೂ ಪಟ್ಟಿ ಮುಟ್ಟದ ಹಾಗೆ ಬೀಗ ಹಾಕಿರ್ತೀವಿ. ಈ ಕ್ರಮ ತಪ್ಪಿದ್ರೆ ಮುಗೀತು, ಹಳಬ ಹೊಸಬನ ಕೋಣೆಗೆ ನುಗ್ತಾನೆ."

ಈ ಭಾಗವನ್ನು ಬರೆಯುತ್ತಿದ್ದವರು ಮೇಷ್ಟ್ರು. ಅವರು ಮೊದಲು ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ಕೆಲಸ ಬದಲಾದರೂ ಹೆಸರು ಬಿಡಲಿಲ್ಲ. ಪುಟ್ಟಿಗಿಂತ ಹಿರಿಯರು, ಆದರೂ ಅವಳನ್ನು ಮೇಡಂ ಎಂದೇ ಕರೆಯುವವರು. ನಾನು ಅವರನ್ನು ಎದುರಿಗೆ ನೋಡಿಲ್ಲ. ಪರದೆಯಲ್ಲಿ ಮುಖ ಗೊತ್ತು, ಸ್ಪೀಕರಿನಲ್ಲಿ ದನಿ ಗೊತ್ತು. ಅವರಿಗೆ ವಿವರಿಸುವ ಹುಚ್ಚು. ಇವಳು 'ಈ ಸಾಲು ಇಲ್ಲೇಕೆ?' ಎಂದು ಬರೆದರೆ ಅವರು ಪುಟಗಟ್ಟಲೆ ಉತ್ತರ ಕೊಡುತ್ತಿದ್ದರು, ನಡುವೆ ಬಾಣದ ಗುರುತಿನ ಚಿತ್ರಗಳು ಬೇರೆ. ಇವಳು ಗೊಣಗುತ್ತ ಓದುವಳು, ಮರುತ್ತರ ಬರೆಯುವಳು, ಅವರು ಮತ್ತೆ ಪಾಠ ಶುರು ಮಾಡುವರು. ಒಂದೊಂದು ಸಲ ಒಂದೇ ಸಾಲಿಗಾಗಿ ವಾರಗಟ್ಟಲೆ ಜಟಾಪಟಿ. ಗೆಲ್ಲುವುದು ಹೆಚ್ಚಾಗಿ ಇವಳೇ. ಆದರೆ ಅವರು ಗೆದ್ದ ದಿನವೂ ಇತ್ತು, ಆ ದಿನ ಇವಳು ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದಳು.

ಒಮ್ಮೆ ಯಾವುದೋ ಆತುರದ ವಾರದಲ್ಲಿ ಮೇಷ್ಟ್ರು ಎಂದಿನಂತೆ ಉದ್ದುದ್ದ ಬರೆದರು. ಇವಳಿಗೆ ರೇಗಿತು. ಎಲ್ಲರೂ ನೋಡುವ ಜಾಗದಲ್ಲೇ ಬರೆದಳು: 'ಪಾಠ ಬೇಡ. ಬದಲಾವಣೆ ಬೇಕು.' ಆಫೀಸಿನವರಿಗೆ ಅದು ಬಹಳ ಹಿಡಿಸಿತಂತೆ. ಹುಡುಗರು ಅದನ್ನೇ ಗಾದೆ ಮಾಡಿಕೊಂಡು, ಯಾರು ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡಿದರೂ "ಪಾಠ ಬೇಡ" ಎಂದು ನಗತೊಡಗಿದರು. ಮೇಷ್ಟ್ರೂ ನಕ್ಕರಂತೆ. ಅಲ್ಲಿಂದ ಮುಂದೆ ಅವರ ಉತ್ತರಗಳು ಗಿಡ್ಡವಾದವು. ಕೊನೆಕೊನೆಗೆ ಇವಳು ಏನು ಬರೆದರೂ ಅವರದು ಒಂದೇ ಉತ್ತರ: 'ಸರಿ, ಬದಲಿಸಿದ್ದೇನೆ.'

"ಮೇಷ್ಟ್ರು ಈಗ ದಾರಿಗೆ ಬಂದಿದ್ದಾರೆ ಅತ್ತಿಗೆ," ಎಂದು ಪುಟ್ಟಿ ನನಗೆ ಹೆಮ್ಮೆಯಿಂದ ಹೇಳಿದ್ದಳು. ನಾನೂ ತಲೆಯಾಡಿಸಿ ಸೂಜಿಗೆ ದಾರ ಪೋಣಿಸಿದ್ದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅದು ಎಲ್ಲಿಗೆ ಹೋಯಿತು ಅಂತ ನಮಗೆ ತಿಳಿದದ್ದು ಬಹಳ ತಡವಾಗಿ, ಒಂದು ಮಧ್ಯಾಹ್ನ. ನಾನು ಒಬ್ಬರ ಕೋಟಿನ ಅಸ್ತರು ಬಿಚ್ಚುತ್ತಿದ್ದೆ. ಆಫೀಸಿನ ಮುಖ್ಯಸ್ಥೆ ಎಲ್ಲರನ್ನೂ ಪರದೆಯ ಮೇಲೆ ಕೂಡಿಹಾಕಿದ್ದರು. ಎಲ್ಲೋ ಒಂದು ಬಟ್ಟೆ ಅಂಗಡಿಯವರ ಬಾಡಿಗೆ ಯಂತ್ರದೊಳಗೆ ಯಾವುದೋ ದಂತವೈದ್ಯರ ರೋಗಿಗಳ ಹೆಸರು, ವಿಳಾಸ ಕಾಣಿಸಿಕೊಂಡಿತ್ತಂತೆ. ಹಳಬ ಹೊಸಬನ ಕೋಣೆಗೆ ನುಗ್ಗಿದ್ದ. ಕಾರಣ ಹುಡುಕಿದಾಗ ಸಿಕ್ಕಿದ್ದು ಎರಡು ಸಾಲು. ಕೀಲಿ ವಾಪಸ್ ತೆಗೆದುಕೊಳ್ಳುವ ಸಾಲುಗಳು ಅವು, ಬೀಗದ ಒಳಗೆ ಇರಬೇಕಾದವು. ಅವು ಬೀಗ ಬಿಟ್ಟ ಮೇಲೆ, ಹೊರಗೆ ಕುಳಿತಿದ್ದವು. ಆ ಸಣ್ಣ ಸಂದಿನಲ್ಲಿ ಇನ್ನೊಬ್ಬ ಬಂದು ಪಟ್ಟಿ ನೋಡಿ, ಕೋಣೆ ಖಾಲಿ ಇದೆ ಎಂದು ಬೇರೆಯವರಿಗೆ ಕೊಟ್ಟುಬಿಟ್ಟಿದ್ದ. ಹಳಬನ ಕೈಯಲ್ಲಿ ಕೀಲಿ ಹಾಗೇ ಇತ್ತು.

"ಇದನ್ನ ಬರೆದವರು ಯಾರು ಅಂತ ಬದಲಾವಣೆಗಳ ಇತಿಹಾಸದಲ್ಲಿದೆ," ಎಂದರು ಮುಖ್ಯಸ್ಥೆ. "ಮೇಷ್ಟ್ರೇ, ಇಂಥದ್ದು ನಿಮ್ಮಿಂದ ಆಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ."

"ತಪ್ಪು ನಂದೇ," ಎಂದರು ಮೇಷ್ಟ್ರು. "ಬರೆದವನು ನಾನು."

ಅವರ ಹೆಸರಿನ ಕೆಳಗೇ 'ಓದಿ ನೋಡಿದವರು' ಎಂದು ಇವಳ ಹೆಸರೂ ಇತ್ತು. ಅದನ್ನು ಯಾರೂ ಓದಲಿಲ್ಲ. ನಾನು ಪುಟ್ಟಿಯ ಕಡೆ ನೋಡಿದೆ. ಅವಳ ಕೈ ಮೈಕಿನ ಗುಂಡಿಯವರೆಗೆ ಹೋಯಿತು, ಅಲ್ಲಿಂದ ಸರಿದು ನನ್ನ ಸೀಮೆಸುಣ್ಣದ ಬಿಲ್ಲೆಯನ್ನು ಎತ್ತಿಕೊಂಡಿತು. ಸಭೆ ಮುಗಿಯುವ ಹೊತ್ತಿಗೆ ಅದು ಮೇಜಿನ ಮೇಲೆ ಪುಡಿಯಾಗಿ ಬಿದ್ದಿತ್ತು. ಕೋಟಿನ ಮೇಲೂ ಬಿದ್ದಿತ್ತು, ಅದನ್ನು ಕೊಡವಿದವಳು ನಾನು.

"ಏನಾಯ್ತು?" ಎಂದೆ.

"ಮೊದಲು ಅವರು ಸರಿಯಾಗೇ ಬರೆದಿದ್ರು ಅತ್ತಿಗೆ."

"ಯಾರು?"

"ಮೇಷ್ಟ್ರು. ಆ ಎರಡು ಸಾಲು ಬೀಗದ ಒಳಗೇ ಇತ್ತು. ಕೀಲಿ ವಾಪಸ್ ತಗೊಳ್ಳೋದು ನಿಧಾನದ ಕೆಲಸ, ಅಷ್ಟು ಹೊತ್ತು ಬೀಗ ಹಾಕಿಟ್ರೆ ಉಳಿದವರೆಲ್ಲ ಕಾಯ್ತಾರೆ, ಹೊರಗೆ ಹಾಕಿ ಅಂತ ಹೇಳಿದ್ದು ನಾನು. ಅವರು ಸರಿ ಅಂದ್ರು. ನಾನು ಓದಿ ನೋಡಿದೆ ಅಂತ ಹೆಸರು ಹಾಕ್ದೆ. ಇತಿಹಾಸದಲ್ಲಿ ಇರೋದು ಕೊನೇದು ಮಾತ್ರ. ಅದಕ್ಕೆ ಮುಂಚೆ ಯಾರು ಏನಂದ್ರು ಅಂತ ಹಳೇ ಮೇಲ್‌ಗಳನ್ನ ತೆಗೆದು ನೋಡೋರು ಯಾರೂ ಇಲ್ಲ."

"ಈಗ ಸಭೆಯಲ್ಲಿ ಯಾಕೆ ಹೇಳ್ಲಿಲ್ಲ?"

"ಅವರೇ ತಪ್ಪು ನಂದು ಅಂದ್ಬಿಟ್ರಲ್ಲ."

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸಿತ್ತಂತೆ," ಎಂದೆ. "ಇಲ್ಲಿ ಮೇಕೆಯೇ ಬಂದು ಮೂತಿ ಒಡ್ಡಿದೆ, ಕೋತಿಗೆ ಆ ಕಷ್ಟವೂ ತಪ್ಪಿತು."

"ನಾನೇನು ಬಲವಂತ ಮಾಡಿದ್ನಾ? ಬೇಡ ಅನ್ನಬಹುದಿತ್ತಲ್ಲ ಅವರು."

"ಬೇಡ ಅನ್ನೋರ ಬಾಯಿ ಮುಚ್ಚಿಸಿದ್ದು ಯಾರು ಪುಟ್ಟಿ?"

ಅವಳು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಬಹಳ ಹೊತ್ತು ಸುರಿಯಿತು. ಅಷ್ಟು ಕಟುವಾಗಿ ಹೇಳಬಾರದಿತ್ತು ಅಂತ ನನಗೂ ಅನ್ನಿಸಿತು, ಆದರೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನ ತೀರ್ಮಾನ ಹೊರಬಿತ್ತು. ಆ ಭಾಗಕ್ಕೆ ಇನ್ನು ಮುಂದೆ ಮೇಷ್ಟ್ರು ಕೈ ಹಾಕುವ ಹಾಗಿಲ್ಲ. ಅವರೇ ಕಟ್ಟಿದ ಭಾಗ ಅದು, ಅದರಲ್ಲಿ ಹತ್ತಾರು ವರ್ಷದ ದುಡಿಮೆ ಇತ್ತು. ಈ ತಪ್ಪನ್ನು ಸರಿಪಡಿಸಿ ಕೊಟ್ಟ ಮೇಲೆ ಅವರು ಬಳಕೆದಾರರ ಕೈಪಿಡಿ ಬರೆಯುವ ಕಡೆಗೆ ಹೋಗಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇದರ ಮೇಲೆ ಇನ್ನೊಂದು: ಅವರು ಸರಿಪಡಿಸಿ ಬರೆದದ್ದು ಓದಲು ಬಂದದ್ದು ಪುಟ್ಟಿಯ ಹತ್ತಿರವೇ.

ಅವಳು ಅದನ್ನು ತೆರೆದಿಟ್ಟುಕೊಂಡು ಕುಳಿತಳು. ಓದಲು ಅದರಲ್ಲಿ ಏನಿದೆ, ಎರಡು ಸಾಲು ಹೊರಗಿನಿಂದ ಒಳಗೆ ಬಂದಿವೆ ಅಷ್ಟೇ. ಮೇಲೆ ಮೇಷ್ಟ್ರು ಬರೆದಿದ್ದರು: 'ಹಿಂದಿನ ನನ್ನ ತಪ್ಪನ್ನು ಇದು ಸರಿಪಡಿಸುತ್ತದೆ.' ಆ 'ನನ್ನ' ಎನ್ನುವ ಮಾತಿನ ಮೇಲೆ ಅವಳ ಕಣ್ಣು ನೆಟ್ಟಿತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನುಂಗಲೂ ಆರಳು, ಉಗುಳಲೂ ಆರಳು. ಊಟಕ್ಕೆ ಕರೆದರೆ ಬಂದು ತಟ್ಟೆಯ ಮುಂದೆ ಕೂತು ಎದ್ದು ಹೋದಳು. ನನ್ನ ಹೊಲಿಗೆಯಲ್ಲಿ ತಪ್ಪು ಹೇಳುವುದನ್ನೂ ಬಿಟ್ಟಳು. ಬೇಕೆಂದೇ ಒಂದು ಪ್ಯಾಂಟಿನ ಎರಡು ಕಾಲನ್ನೂ ಬೇರೆ ಬೇರೆ ಉದ್ದಕ್ಕೆ ಮಡಚಿ ಅವಳ ಮುಂದೆಯೇ ಇಸ್ತ್ರಿ ಮಾಡಿದೆ. ನೋಡಿಯೂ ಸುಮ್ಮನಿದ್ದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಎರಡು ಮೂರು ದಿನ ಹೀಗೇ ಕಳೆದ ಮೇಲೆ ನನಗೆ ಹೊಳೆಯಿತು. "ಅಲ್ಲ, ನೀನು ಅದಕ್ಕೆ ಹೆಸರು ಹಾಕದಿದ್ರೆ ಅದು ಒಳಗೆ ಹೋಗಲ್ಲ ಅಲ್ವಾ?"

"ಹೂಂ."

"ಅಂದ್ರೆ ಇವತ್ತೂ ಯಾರೋ ಹಳೇ ಕೀಲಿ ಹಿಡ್ಕೊಂಡು ಯಾರದೋ ಕೋಣೆಗೆ ನುಗ್ತಾ ಇರಬಹುದು."

ಅವಳು ಪರದೆಯ ಕಡೆ ತಿರುಗಿದಳು.

"ನಿನ್ನ ನಾಚಿಕೆ ನಿನ್ನ ಹತ್ರ ಇಟ್ಕೋ. ಮೊದಲು ಬಾಗಿಲು ಹಾಕು."

ಅವಳ ಮುಖ ಬಿಳಿಚಿತು. ಇಷ್ಟು ದಿನ ಅವಳು ತನ್ನ ತಪ್ಪನ್ನೇ ತಿರುಗಿಸಿ ತಿರುಗಿಸಿ ನೋಡುತ್ತ, ಅದರಿಂದ ನೋಯುವವರನ್ನು ಮರೆತೇಬಿಟ್ಟಿದ್ದಳು. ಆ ಕೂಡಲೇ ಹೆಸರು ಹಾಕಿ ಕಳಿಸಿದಳು. ಆಮೇಲೆ ಅದೇ ಕುರ್ಚಿಯಲ್ಲಿ ಕುಳಿತು, ಎಲ್ಲರೂ ನೋಡುವ ಜಾಗದಲ್ಲಿ, 'ಪಾಠ ಬೇಡ' ಎಂದು ಬರೆದಿದ್ದಳಲ್ಲ ಅಲ್ಲೇ, ಬರೆದಳು: ಮೇಷ್ಟ್ರು ಮೊದಲು ಬರೆದದ್ದು ಸರಿಯಾಗಿತ್ತು. ಹೊರಗೆ ಹಾಕಿ ಎಂದು ಹೇಳಿ ಕೆಡಿಸಿದವಳು ನಾನು. ಸಭೆಯಲ್ಲಿ ಗೊತ್ತಿದ್ದೂ ಸುಮ್ಮನೆ ಕುಳಿತವಳೂ ನಾನು. ಕಳಿಸುವ ಮುಂಚೆ ನನಗೆ ಓದಿ ಹೇಳಿದಳು. ಒಂದು ಅಕ್ಷರ ಬದಲಿಸುವುದು ಬೇಡ ಎಂದೆ.

ಬೈಗುಳ ಬರುತ್ತದೆಂದು ಇಬ್ಬರೂ ಕಾದು ಕುಳಿತೆವು. ಬಂದದ್ದು ಹೊಗಳಿಕೆ. ಎಷ್ಟು ದೊಡ್ಡ ಮನಸ್ಸು, ಎಂಥ ಪ್ರಾಮಾಣಿಕತೆ, ಇವರಿಂದ ಕಲಿಯಬೇಕು ಎಂದು ಪರದೆಯ ತುಂಬ ಕೆಂಪು ಹೃದಯಗಳು. ಮುಖ್ಯಸ್ಥೆ ಮೇಷ್ಟ್ರನ್ನು ಅವರ ಕೆಲಸಕ್ಕೆ ಮರಳಿ ಕರೆಸಿದರು, ಪುಟ್ಟಿಗೆ ಫೋನು ಮಾಡಿ ಮೆಚ್ಚಿಕೊಂಡರು. ಸಭೆಯಲ್ಲಿ ತಪ್ಪೊಪ್ಪಿಕೊಂಡ ಮೇಷ್ಟ್ರಿಗೆ ಯಾರೂ ಒಂದು ಹೃದಯ ಕಳಿಸಿರಲಿಲ್ಲ. ಪುಟ್ಟಿ ಫೋನಿನಲ್ಲಿ "ಹೂಂ, ಹೂಂ" ಎಂದಷ್ಟೇ ಹೇಳಿ ಇಟ್ಟಳು.

"ಇದು ಇನ್ನೂ ಕೆಟ್ಟದಾಯ್ತು ಅತ್ತಿಗೆ," ಎಂದಳು. "ಅವರ ತಪ್ಪಲ್ಲದ ತಪ್ಪಿಗೆ ಬೈಗುಳ ಅವರಿಗೆ, ನನ್ನ ತಪ್ಪಿಗೆ ಶಹಭಾಸ್ ನನಗೆ. ಇತಿಹಾಸದಲ್ಲಿ ಹೆಸರು ಈಗ್ಲೂ ಅವರದ್ದೇ ಇದೆ. ಅದನ್ನ ಅಳಿಸೋಕೆ ಬರಲ್ಲ."

ಮೇಷ್ಟ್ರು ಅವಳಿಗೆ ಒಂದು ಸಾಲು ಬರೆದಿದ್ದರು: 'ಅಷ್ಟೆಲ್ಲ ಬರೆಯುವ ಅಗತ್ಯವಿರಲಿಲ್ಲ ಮೇಡಂ. ವಂದನೆಗಳು.' ಹಿಂದಿನ ಮೇಷ್ಟ್ರಾಗಿದ್ದರೆ ಆ ಎರಡು ಸಾಲು ಒಳಗೇ ಏಕೆ ಇರಬೇಕು ಎಂದು ಚಿತ್ರ ಬರೆದು ಕಳಿಸುತ್ತಿದ್ದರು. ಅದಕ್ಕಾಗಿ ಅವಳು ದಿನಾ ಕಾದಳು ಅಂತ ನನಗೆ ಗೊತ್ತು. ಬರಲಿಲ್ಲ.

ಕೆಲವು ವಾರ ಕಳೆದವು. ಪುಟ್ಟಿ ನಾನು ಹೊಲಿದ ಗುಂಡಿಯ ಕಾಜಾ ಸೊಟ್ಟಗಿದೆ ಎಂದು ಹೇಳುವಷ್ಟು ಚೇತರಿಸಿಕೊಂಡಳು. ಆಗ ಮೇಷ್ಟ್ರ ಹೊಸ ಬರಹ ಓದಲು ಬಂತು, ಅದೇ ಭಾಗದ್ದು. ಅವಳು ಖುಷಿಯಿಂದ ಕುರ್ಚಿ ಎಳೆದುಕೊಂಡಳು. ಓದುತ್ತ ಓದುತ್ತ ಒಂದು ಕಡೆ ನಿಂತಳು. ಒಳಗಿನ ಪಟ್ಟಿಯನ್ನು ಹೊಡೆದುಹಾಕಿದ ಮೇಲೆ ಮೇಷ್ಟ್ರು ಅದನ್ನು ಇನ್ನೊಮ್ಮೆ ಪರೀಕ್ಷಿಸಿದ್ದರು. ಅದು ಬೇಕೋ ಬೇಡವೋ ಅವಳಿಗೆ ಖಚಿತವಿರಲಿಲ್ಲ. ಹಿಂದೆ ಆಗಿದ್ದರೆ 'ತೆಗೆಯಿರಿ' ಎಂದು ಬರೆದು ಮುಗಿಸುತ್ತಿದ್ದಳು. ಈ ಸಲ ಬಹಳ ಯೋಚಿಸಿ, ಅಳಿಸಿ, ಮತ್ತೆ ಬರೆದಳು: 'ಮೇಷ್ಟ್ರೇ, ಈ ಎರಡನೆಯ ಪರೀಕ್ಷೆ ಇಲ್ಲಿ ಬೇಕೇ? ನನಗೆ ತಿಳಿಯುತ್ತಿಲ್ಲ. ವಿವರಿಸುವಿರಾ?'

"ನೋಡಿ ಅತ್ತಿಗೆ, ಈಗ ಪುಟಗಟ್ಟಲೆ ಬರುತ್ತೆ," ಎಂದು ನನ್ನ ಕಡೆ ತಿರುಗಿ ನಕ್ಕಳು. ಅವಳು ನಕ್ಕದ್ದು ನೋಡಿ ಎಷ್ಟೋ ದಿನವಾಗಿತ್ತು. ನಾನು ಚಹಾಕ್ಕೆ ನೀರಿಟ್ಟೆ.

ಚಹಾ ಆಗುವ ಮುಂಚೆಯೇ ಉತ್ತರ ಬಂತು. 'ಸರಿ, ಬದಲಿಸಿದ್ದೇನೆ.' ಪರೀಕ್ಷೆಯ ಸಾಲು ಮಾಯವಾಗಿತ್ತು.

ಪುಟ್ಟಿ ಮಧ್ಯಾಹ್ನವೆಲ್ಲ ಕಾಗದದ ಮೇಲೆ ಬಾಣ ಎಳೆದು ಎಳೆದು ನೋಡಿದಳು, ಮೇಷ್ಟ್ರು ಹಿಂದೆ ಮಾಡುತ್ತಿದ್ದರಲ್ಲ, ಹಾಗೇ. ಕೊನೆಗೆ ಪೆನ್ನು ಇಟ್ಟಳು. ಆ ಪರೀಕ್ಷೆ ಬೇಕೇ ಬೇಕಿತ್ತು. ಹೊಡೆದುಹಾಕುವಾಗ ಬೀಗವನ್ನು ಒಂದು ಗಳಿಗೆ ಬಿಟ್ಟು ಹಿಡಿಯುವ ಜಾಗ ಒಂದಿತ್ತು. ಆ ಸಂದಿನಲ್ಲಿ ಯಾರಾದರೂ ಹೊಸದಾಗಿ ಬರೆದುಕೊಂಡರೆ ಅದನ್ನು ಹಿಡಿಯಲೆಂದೇ ಅವರು ಆ ಸಾಲು ಹಾಕಿದ್ದರು. ಅವಳು ಫೋನು ತೆಗೆದು ಸ್ಪೀಕರಿನಲ್ಲಿಟ್ಟಳು.

"ಮೇಷ್ಟ್ರೇ, ನಾನು ಸುಮ್ನೆ ಕೇಳಿದ್ದು. ತೆಗೀರಿ ಅನ್ಲಿಲ್ಲ."

"ಓಹೋ, ಹಾಗಾ ಮೇಡಂ. ವಾಪಸ್ ಹಾಕ್ಲಾ?"

"ಹಾಕ್ಬೇಕಾ ಬೇಡ್ವಾ?"

"ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ."

"ನನಗೆ ಅನ್ಸೋದಲ್ಲ. ನಿಮಗೆ ಗೊತ್ತಿರೋದು ಹೇಳಿ."

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು. ಮೇಷ್ಟ್ರು ಮೆಲ್ಲಗೆ, "ಅದು ಇರ್ಬೇಕಿತ್ತು ಮೇಡಂ," ಎಂದರು.

"ಗೊತ್ತಿದ್ದೂ ಯಾಕೆ ತೆಗೆದ್ರಿ?"

"ನೀವು ಕೇಳಿದ್ರಲ್ಲ."

ನಾನು ಹೊಲಿಗೆ ನಿಲ್ಲಿಸಿದೆ. ಪುಟ್ಟಿ ಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಅವಳ ಕಣ್ಣು ತುಂಬಿತ್ತು, ದನಿಯಲ್ಲಿ ಮಾತ್ರ ಅದನ್ನು ತೋರಿಸಲಿಲ್ಲ.

"ಇನ್ನು ಮೇಲೆ ನಾನು ಏನೇ ಹೇಳಿದ್ರೂ ನಿಮಗೆ ತಪ್ಪು ಅನ್ಸಿದ್ರೆ ಇಲ್ಲ ಅನ್ಬೇಕು ಮೇಷ್ಟ್ರೇ. ಮೊದಲು ಜಗಳ ಆಡ್ತಿದ್ರಲ್ಲ, ಹಾಗೇ. ಈಗ ಒಂದ್ಸಲ ಅನ್ನಿ, ನನಗೋಸ್ಕರ. ಇಲ್ಲ ಅನ್ನಿ."

"ಸರಿ ಮೇಡಂ," ಎಂದರು ಮೇಷ್ಟ್ರು. "ಇಲ್ಲ."